ಅಂಬರ್‌ನಾಥದ ಮೇಲಿಂದ ಕೋಪರಖೈರಣೆಗೆ

ಮುಂದೆ ಸಾಗಬಯಸುವ ಮನುಷ್ಯ ಕೆಲವೊಮ್ಮೆ ಹಿಂದಕ್ಕೆ ಹೋಗಬೇಕಾಗುತ್ತದೆ. ಇದನ್ನು ತಿಳಿಯಲು ವೇದಾಂತ ಬೇಡ. ಬೆಳಗ್ಗೆ ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ನಿಂತರೆ ಸಾಕು. ಬದ್ಲಾಪುರದ ಕಡೆಯಿಂದ ಬರುವ ಲೋಕಲ್ ರೈಲು ಅಲ್ಲಿಗೆ ಮುಟ್ಟುವಾಗಲೇ ಬಾಗಿಲ ತನಕ ತುಂಬಿರುತ್ತದೆ.

ನಮ್ಮ ಚಾಳಿನ ಗಿರಿಜಕ್ಕನಿಗೆ ಕೋಪರಖೈರಣೆಯ ಕ್ಯಾಂಟೀನೊಂದರಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಎಂಟಕ್ಕೆ ಒಲೆ ಹಚ್ಚಬೇಕು. ಮೊದಲೆರಡು ದಿನ ರೈಲು ಹತ್ತಲಾಗದೆ ತಡವಾಯಿತು. ಮೂರನೆಯ ದಿನವೂ ತಡವಾದರೆ ಬರುವುದೇ ಬೇಡವೆಂದು ಮಾಲೀಕರು ಹೇಳಿಯಾಗಿತ್ತು. ರಿಕ್ಷಾ ಅವರ ಸಂಬಳಕ್ಕೆ ನಿಲುಕುವ ವಾಹನವಲ್ಲ. ಮೂವತ್ತು ವರ್ಷ ಲೋಕಲಿನಲ್ಲಿ ವಿ.ಟಿ.ಗೆ ಓಡಾಡಿ ನಿವೃತ್ತನಾದ ನಾನು ಮಾರ್ಗದರ್ಶನದ ಹೊಣೆ ಹೊತ್ತೆ.

ಮೂರನೆಯ ದಿನ ಬೆಳಗ್ಗೆ ಆರು ಗಂಟೆಗೆ ಹೊರಟೆವು. ಉಪಾಯ ಸರಳ: ಎದುರು ದಿಕ್ಕಿನ ಖಾಲಿ ಗಾಡಿಯಲ್ಲಿ ಅಂಬರ್‌ನಾಥಕ್ಕೆ ಹೋಗಿ, ಅಲ್ಲಿಂದಲೇ ಹೊರಡುವ ಲೋಕಲಿನಲ್ಲಿ ಸೀಟು ಹಿಡಿಯುವುದು. ಗಿರಿಜಕ್ಕನ ಪಾಸು ವಿಠ್ಠಲವಾಡಿಯಿಂದ ಮಾತ್ರ. ಆದ್ದರಿಂದ ಅಂಬರ್‌ನಾಥಕ್ಕೆ ತಲಾ ಎಂಟು ರೂಪಾಯಿಯ ರಿಟರ್ನ್ ಟಿಕೆಟ್ ತೆಗೆದೆ. ನನಗೆ ಕೋಪರಖೈರಣೆಯ ಟಿಕೆಟ್ ಬೇರೆ.

"ಹಿಂದೆ ಹೋಗ್ಲಿಕ್ಕೆ ಯಾರೂ ಟಿಕೆಟ್ ತೆಗೆಯುದಿಲ್ಲ ರಾಯ್ರೆ," ಎಂದರು ಗಿರಿಜಕ್ಕ.

"ನಾವು ತೆಗೆಯುತ್ತೇವೆ," ಎಂದೆ.

ಅಂಬರ್‌ನಾಥದಲ್ಲಿ ಫಾಸ್ಟ್ ಲೋಕಲ್ ನಿಂತಿತ್ತು. ಅವರನ್ನು ಲೇಡೀಸ್ ಡಬ್ಬಕ್ಕೆ ಹತ್ತಿಸಿ ಆಜ್ಞೆ ಹೊರಡಿಸಿದೆ: "ಠಾಣೆಯಲ್ಲಿ ಇಳಿದು ಕೋಪರಖೈರಣೆಗೆ ಹೋಗುವ ವಾಶಿ ಗಾಡಿಯ ಪ್ಲಾಟ್‌ಫಾರ್ಮಿಗೆ ಬನ್ನಿ. ನಾನು ಬರುವ ತನಕ ಕದಲಬೇಡಿ."

"ಆಯ್ತು."

ನನಗೆ ಕಿಟಕಿಯ ಸೀಟೇ ಸಿಕ್ಕಿತು. ಡೋಂಬಿವಲಿಯಲ್ಲಿ ನನ್ನ ಎರಡು ಮೊಣಕಾಲುಗಳ ನಡುವೆ ಮೂರು ಜನ ಬಂದು ನಿಂತರು. ಠಾಣೆ ಬಂದಾಗ ಘನತೆಯಿಂದ ಎದ್ದೆ. ಎದ್ದದ್ದಷ್ಟೇ, ಇಳಿಯಲಾಗಲಿಲ್ಲ.

"ಠಾಣೆ ಉತರ್‌ನಾ ಥಾ?" ಎಂದು ಪಕ್ಕದವರು ವಿಚಾರಿಸಿದರು. "ತೋ ಡೋಂಬಿವಲಿ ಮೇಂ ಖಡಾ ಹೋನಾ ಥಾ ನ, ಅಂಕಲ್." ಠಾಣೆಗೆ ಇಳಿಯುವವರು ಅದಕ್ಕೆ ಮೊದಲು ಡೋಂಬಿವಲಿಯಲ್ಲೇ ಎದ್ದು ನಿಲ್ಲಬೇಕಂತೆ.

ನನ್ನ ನೌಕರಿಯೆಲ್ಲ ವಿ.ಟಿ.ಯಲ್ಲಿ, ಅಂದರೆ ಕೊನೆಯ ಸ್ಟೇಷನ್ನಿನಲ್ಲಿ. ಅಲ್ಲಿ ಎಲ್ಲರೂ ಇಳಿದ ಮೇಲೆ ಛತ್ರಿ ಹುಡುಕಿಕೊಂಡು ಇಳಿಯಬಹುದು. ನಡುದಾರಿಯಲ್ಲಿ ಇಳಿಯುವ ವಿದ್ಯೆಯನ್ನು ಮೂವತ್ತು ವರ್ಷದಲ್ಲಿ ನಾನು ಕಲಿತೇ ಇರಲಿಲ್ಲ.

ಮುಂದೆ ಗಾಡಿ ನಿಂತದ್ದು ಘಾಟ್ಕೋಪರಿನಲ್ಲಿ. ಟಿಕೆಟ್ ತೆಗೆದು ಠಾಣೆಗೆ ಮರಳುವಾಗ ಎಂಟು ದಾಟಿತ್ತು. ಗಿರಿಜಕ್ಕ ಕೊಟ್ಟ ಮಾತು ತಪ್ಪುವವರಲ್ಲ ಎಂಬುದೇ ನನ್ನ ಭಯ. ವಾಶಿ ಗಾಡಿಯ ಪ್ಲಾಟ್‌ಫಾರ್ಮನ್ನು ಎರಡು ಸಲ ಸುತ್ತಿದೆ. ಅವರು ಸಿಗಲಿಲ್ಲ. ಒಬ್ಬನೇ ಗಾಡಿ ಹತ್ತಿದೆ. ಐರೋಲಿ, ರಬಾಳೆ, ಘಣಸೋಲಿ ದಾಟುವ ತನಕ ಮಾಲೀಕರಿಗೆ ಹೇಳಬೇಕಾದ ಕ್ಷಮಾಪಣೆಯನ್ನು ಬಾಯಿಪಾಠ ಮಾಡಿದೆ.

ಕ್ಯಾಂಟೀನಿನಲ್ಲಿ ಗಿರಿಜಕ್ಕ ಉಪ್ಪಿಟ್ಟು ತಿರುವುತ್ತಿದ್ದರು.

"ಎಲ್ಲಿ ಹೋದ್ರಿ ಮಾರಾಯ್ರೆ?"

"ಘಾಟ್ಕೋಪರಿಗೆ. ನೀವು ಇಳಿದದ್ದು ಹೇಗೆ?"

"ಬಾಜೂ ಕೂತ ಹೆಂಗಸು ಡೋಂಬಿವಲಿಯಲ್ಲೇ ಎಬ್ಬಿಸಿ ಬಾಗಿಲಿಗೆ ನಿಲ್ಲಿಸಿದ್ಳು."

"ಕದಲಬೇಡಿ ಎಂದಿದ್ದೆನಲ್ಲ?"

"ನಿಮಗೋಸ್ಕರ ಒಂದು ಗಾಡಿ ಬಿಟ್ಟೆ. ನೀವು ಹೇಗಾದ್ರೂ ಬರ್ತೀರಿ. ಎಂಟು ಗಂಟೆ ನನಗೆ ಅಂತ ಕಾಯ್ತದಾ?"

ಅವಿಧೇಯತೆ ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕುಳಿತು ಎರಡು ಕಪ್ ಚಹಾ ಕುಡಿದೆ.

ಗಿರಿಜಕ್ಕ ಕ್ಯಾಂಟೀನು ತಲುಪಿದ್ದು ಏಳು ಐವತ್ತೈದಕ್ಕೆ. ಕೆಲಸ ಉಳಿಯಿತು. ನಾನು ತಲುಪಿದ್ದು ಒಂಬತ್ತೂಕಾಲಿಗೆ.