ಯಾರೂ ಕದಿಯದ ಸೌತೆಕಾಯಿ

ಹೊಸನಗರದ ದೀಪಾವಳಿ ಕವಿಗೋಷ್ಠಿಯಲ್ಲಿ ನಾನು ಕಾವ್ಯದ ವಿರೋಧಾಭಾಸದ ಬಗ್ಗೆ ಮಾತಾಡಬೇಕಿತ್ತು. ಉಳಿದುಕೊಂಡಿದ್ದ ಮನೆಯ ಶಾರದಕ್ಕ ಬೆಳಗ್ಗೆ ಹಿತ್ತಲಲ್ಲಿ ಮುಖ ಊದಿಸಿಕೊಂಡು ನಿಂತಿದ್ದರು.

“ಎಂತ ಆಯ್ತು ಅಕ್ಕ?”

“ಒಂದು ಸೌತೆಕಾಯಿನೂ ಕದ್ದಿಲ್ಲ ಮಾರಾಯ್ತಿ. ಪಕ್ಕದ ಮನೇಲಿ ಚಪ್ಪರನೇ ಖಾಲಿ ಮಾಡಿದಾರೆ. ನಾವೇನು ಊರಿಗೆ ಬೇಡಾದವ್ರಾ?”

ದೀಪಾವಳಿಯ ಬೂರೆ ಹಬ್ಬದ ರಾತ್ರಿ ಹಿತ್ತಲಿನ ತರಕಾರಿ ಕದಿಯುವುದು ಇಲ್ಲಿನ ಪದ್ಧತಿ. ಬೆಳಗ್ಗೆ ಮನೆಯವರು ಕಳ್ಳರಿಗೆ ಮನಸಾರೆ ಬಯ್ಯಬೇಕು. ಆ ಬೈಗುಳವೇ ಆಶೀರ್ವಾದ. ಎಷ್ಟೋ ದೇಶಗಳಲ್ಲಿ ನನ್ನ ಚೀಲ ಕಳವಾಗಿದೆ, ಆದರೆ ಕಳವಾಗಲಿಲ್ಲ ಅಂತ ಕೊರಗುವವರನ್ನು ಕಂಡದ್ದು ಇದೇ ಮೊದಲು.

ಅವರು ಕಾಫಿಗೆಂದು ಒಳಗೆ ಹೋದದ್ದೇ ತಡ, ದೊಡ್ಡದೊಂದು ಕಾಯಿ ಕಿತ್ತು ಚೀಲಕ್ಕೆ ತುರುಕಿ ಗೇಟಿನತ್ತ ಓಡಿದೆ.

“ಅಯ್ಯೋ ಕಳ್ಳಿ, ನಿನ್ನ ಕೈ ಮುರಿಯ!” ಅಂತ ಶಾರದಕ್ಕ ಊರಿಗೆಲ್ಲ ಕೇಳುವಂತೆ ಬಯ್ಯುತ್ತ ಅಟ್ಟಿಸಿಕೊಂಡು ಬಂದರು. ಮುಖ ಅರಳಿತ್ತು. ಪಕ್ಕದ ಮನೆಯವರು ಬೇಲಿಯಾಚೆಯಿಂದ ಇಣುಕಿದ್ದನ್ನು ಖಾತ್ರಿ ಮಾಡಿಕೊಂಡು, ಇನ್ನೊಂದು ಕಾಯಿ ನನ್ನ ಕೈಗಿಟ್ಟು ದನಿ ಇಳಿಸಿದರು.

“ಒಂದು ಹುಳಿಗೆ ಸಾಲ್ದು, ಇದನ್ನೂ ಕದ್ಕೊಂಡು ಹೋಗು.”

ಗೋಷ್ಠಿಯಲ್ಲಿ ಪದ್ಯಗಳ ಉದಾಹರಣೆ ಬಿಟ್ಟು, ಎರಡೂ ಕಾಯಿಗಳನ್ನು ಮೇಜಿನ ಮೇಲಿಟ್ಟು ಈ ಕಥೆ ಹೇಳಿದೆ. ಮಾತು ಮುಗಿಸಿ ನೋಡಿದರೆ ಒಂದು ಮಾಯ. ಅಧ್ಯಕ್ಷರ ಜೋಳಿಗೆ ಉಬ್ಬಿತ್ತು. ಮೈಕಿನಲ್ಲೇ ಮನಸಾರೆ ಬಯ್ದು ಆಶೀರ್ವಾದ ಮಾಡಿದೆ.