ಇಂದೂಗೆ ಬಂದ ನಂಬರು

ಮರಾಠಿ ಸೀಮೆಯ ಬಿಬವೇವಾಡಿಯ ಆ ಚಾಳಿನಲ್ಲಿ ಶಿವಕಾಂತಾಳ ಬಾಯಿಗೆ ಹೆದರದವರಿಲ್ಲ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು. ಹಗಲೆಲ್ಲ ಇಟ್ಟಿಗೆ ಹೊತ್ತರೂ ಸಂಜೆ ನಳದ ಹತ್ತಿರ ಜಗಳಾಡುವಷ್ಟು ಕಸುವು ಉಳಿಸಿಕೊಂಡೇ ಬರುತ್ತಾಳೆ. ಮಗಳು ಇಂದೂ ಎಂದರೆ ಮಾತ್ರ ಬೆಣ್ಣೆಯಂತೆ ಕರಗುತ್ತಾಳೆ. ಆ ಹುಡುಗಿ ಪುಸ್ತಕವನ್ನು ಮೂಗಿಗೆ ಒತ್ತಿಕೊಂಡೇ ಓದುತ್ತದೆ. ತಾಯಿಗೆ ಅದು ಓದಿನ ಹುಚ್ಚಾಗಿ ಕಂಡಿತ್ತು, ಪಾಪ.

ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ನಡೆದ ದಿನ ಮಾಧುರಿ ಟೀಚರು ಗೇಟಿನಲ್ಲಿ ಸಿಕ್ಕು, ಮರಾಠಿಯಲ್ಲಿ, "ಇಂದೂಲಾ ನಂಬರ್ ಲಾಗಲಾಯ್", ಇಂದೂಗೆ ನಂಬರು ಬಂದಿದೆ, ಎಂದರು. ಮುಂದಿನ ಮಾತು ಕೇಳಲು ಶಿವಕಾಂತಾ ನಿಂತರೆ ತಾನೆ! ನೇರ ಪೇಡೆ ಅಂಗಡಿಗೆ ಹೋದಳು. "ನನ್ನ ಮಗಳು ಸಾಲ್ಯಾಗ ನಂಬರ್ ಬಂದಾಳ್ರಿ" ಎಂದು ಮನೆಮನೆಗೂ ಹಂಚಿದಳು. ಎದುರುಮನೆಯ ಮರೆಮ್ಮನಿಗೆ, "ನಿಮ್ಮ ಬಾಬೂಗೂ ಒಂಚೂರು ಓದಾಕ ಹೇಳ್ರಿ ಯಕ್ಕಾ" ಎಂದು ಬುದ್ಧಿವಾದವನ್ನೂ ಹೇಳಿ ಬಂದಳು.

ವಾರ ಕಳೆದ ಮೇಲೆ ಟೀಚರು ಕರೆಸಿ ಕೈಗೆ ಕನ್ನಡಕ ಕೊಟ್ಟಾಗ ಅವಳ ಮುಖ ಸಣ್ಣದಾಯಿತು. ಬಂದದ್ದು ಪರೀಕ್ಷೆಯ ನಂಬರಲ್ಲ, ಕಣ್ಣಿನ ನಂಬರು! ಗೊತ್ತಾದರೆ ಚಾಳಿನವರು ನಗದೆ ಬಿಡುತ್ತಾರೆಯೇ?

"ಇದನ್ನ ಸಾಲ್ಯಾಗಷ್ಟೇ ಹಾಕ್ಕೋ. ಓಣ್ಯಾಗ ಬ್ಯಾಡ" ಎಂದಳು ಮಗಳಿಗೆ.

ಇಂದೂ ಎದುರಾಡುವ ಮಗುವಲ್ಲ. ತಾಯಿಯೊಡನೆ ಮರಳುವಾಗ ಓಣಿಯ ಬಾಯಿಗೆ ಬಂದೊಡನೆ ಕನ್ನಡಕ ತೆಗೆದು ಚೀಲಕ್ಕೆ ಹಾಕಿತು. ಆಮೇಲೆ ಒಂದು ಕೈಯಿಂದ ಗೋಡೆ ಸವರುತ್ತ, ಕಾಲಿನಿಂದ ಮೆಟ್ಟಿಲು ಹುಡುಕುತ್ತ ನಡೆಯತೊಡಗಿತು. ಕನ್ನಡಕವಿಲ್ಲದ ಇಷ್ಟು ದಿನವೂ ಅದು ಹಾಗೆಯೇ ನಡೆಯುತ್ತಿತ್ತು. ಹಗಲೆಲ್ಲ ಕೆಲಸಕ್ಕೆ ಹೋಗುವ ಶಿವಕಾಂತಾ ನೋಡಿದ್ದು ಮಾತ್ರ ಅಂದೇ.

ಚೀಲದಿಂದ ಕನ್ನಡಕ ತೆಗೆದು ತಾನೇ ಮಗಳಿಗೆ ಹಾಕಿ, ರಟ್ಟೆ ಹಿಡಿದು ಮರೆಮ್ಮನ ಬಾಗಿಲಿಗೇ ಹೋದಳು.

"ಯಕ್ಕಾ, ನಂಬರ್ ಬಂದದ್ದು ಖರೇನ. ಆದರ ಕಣ್ಣಿಗಿ ಬಂದದ. ನಗೂದಿದ್ರ ಈಗ ನಕ್ಕಬಿಡ್ರಿ."

ಮರೆಮ್ಮ ನಗಲಿಲ್ಲ. ಇಂದೂಳ ಮುಖವನ್ನೇ ನೋಡುತ್ತ ಹೊಸ್ತಿಲ ಮೇಲೆ ಕೂತಳು.

"ನಮ್ಮ ಬಾಬುನೂ ಹಿಂಗ ಗ್ವಾಡಿ ಹಿಡಕೊಂಡ ನಡೀತಾನವ್ವಾ. ಸೂಜಿ ಚುಚ್ಚತಾರಂತ ಅಂಜಿ ಅವತ್ತ ತಪಾಸಣಿ ದಿನ ಸಾಲಿಗೇ ಹೋಗಿಲ್ಲ. ಓದಾಕ ಬರೂದಿಲ್ಲ, ದಡ್ಡ ಅಂತ ನಾ ದಿನಾ ಬಡೀತೀನಿ."

ಮರುದಿನ ಶಿವಕಾಂತಾ ಕೆಲಸ ಬಿಟ್ಟು, ಬಾಬುವಿನ ಕೈಯನ್ನು ತಾನೇ ಹಿಡಿದುಕೊಂಡು ಶಾಲೆಗೆ ನಡೆದಳು.