ರಿಲೀವರ್ ಇಲ್ಲದ ಶಿಫ್ಟು

ಹುಲುಗೇಶ್ ಆ ಪಟ್ಟಿಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಇಪ್ಪತ್ತಾರು ವರ್ಷದ ಬಾಳಿನಲ್ಲಿ ತಾನು ಈ ಮನೆಗೆ ಮಾಡಿದ ಮೊದಲ ಉಪಕಾರ ಇದೇ ಎಂದುಕೊಂಡ. ಮೊದಲನೆಯದು ಎಂಬುದಂತೂ ನಿಜ. ಕಾರ್ಖಾನೆಯಲ್ಲಿ ಬರೆಯುವ ಹಾಗೆಯೇ ಸ್ಕೇಲು ಹಿಡಿದು ಗೆರೆ ಎಳೆದಿದ್ದ. ಎ, ಬಿ, ಸಿ ಎಂದು ಮೂರು ಪಾಳಿ. ಎಷ್ಟು ಗಂಟೆಗೆ ರೊಟ್ಟಿ, ಎಷ್ಟು ಗಂಟೆಗೆ ಮೊಬೈಲ್ ಪಾಠ, ಎಷ್ಟು ಗಂಟೆಗೆ ಮಕ್ಕಳ ಸ್ನಾನ, ಎಲ್ಲವೂ ಅದರಲ್ಲಿತ್ತು. ಕೆಳಗೆ ಸಹಿಯನ್ನೂ ಹಾಕಿದ್ದ. ಯಾರೂ ಕೇಳಿರಲಿಲ್ಲ.

ಅದು ಕೊರೋನಾದ ಮೊದಲ ವರ್ಷದ ಜುಲೈ. ಶಾಲೆಗಳು ಮುಚ್ಚಿ ನಾಲ್ಕು ತಿಂಗಳಾಗಿತ್ತು. ಹುಲುಗೇಶ್ ಕೆಲಸ ಮಾಡುವ ಕಾರ್ಖಾನೆಯವರು ಅರ್ಧ ಜನರಿಗೆ, ಹದಿನೈದು ದಿನ ಮನೆಯಲ್ಲಿರಿ, ಆಮೇಲೆ ಉಳಿದವರ ಸರದಿ ಎಂದು ಹೇಳಿ ಕಳಿಸಿದ್ದರು. ಅವನು ಅದಿರು ಸಾಗಿಸುವ ಬೆಲ್ಟಿನ ಆಪರೇಟರ್. ಒಂದು ಗುಂಡಿ ಒತ್ತಿದರೆ ಬೆಲ್ಟು ಓಡುತ್ತದೆ, ಇನ್ನೊಂದು ಒತ್ತಿದರೆ ನಿಲ್ಲುತ್ತದೆ. ಇಷ್ಟರಿಂದಲೇ ಅವನಿಗೆ, ಗುಂಡಿ ಎಲ್ಲಿದೆ ಎಂದು ತೋರಿಸಿದರೆ ಲೋಕವನ್ನೇ ನಡೆಸಬಲ್ಲೆ ಎಂಬ ಧೈರ್ಯ ಬಂದಿತ್ತು. ಚಿತ್ತವಾಡ್ಗಿಯ ಎರಡು ಕೋಣೆಯ ಮನೆಯಲ್ಲಿ ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಹಿಡಿದು ಕುಳಿತವನು, ನಾಲ್ಕು ದಿನ, ದಿನಕ್ಕೆ ಆರೇಳು ಕಪ್ ಚಹಾ ಕುಡಿದು ಕಂಡುಹಿಡಿದದ್ದು ಒಂದೇ ಸಂಗತಿ: ಈ ಮನೆಯಲ್ಲಿ ಶಿಸ್ತಿಲ್ಲ.

ಮನೆಯನ್ನು ನಡೆಸುತ್ತಿದ್ದವಳು ಅವನ ಅತ್ತಿಗೆ ಯಶೋಧರಾ.

ಬುಕ್ಕಸಾಗರದ ಹುಡುಗಿ. ಅಪ್ಪ ಗದ್ದೆ ಕೂಲಿ ಮಾಡಿಕೊಂಡೇ ಗೋಡೆಗೆ ಬುದ್ಧನ ಪಟ ಹಾಕಿ, ಮಗಳಿಗೆ ಈ ಹೆಸರಿಟ್ಟು, ಪಿಯುಸಿ ತನಕ ಓದಿಸಿದ್ದ. ‘ಬುದ್ಧ ಹೊರಗ ಹೋದ, ಕೂಸಿನ ಜೋಡಿ ಮನ್ಯಾಗ ಉಳದಾಕಿ ಹೆಸರು ನನಗಿಟ್ಟ ನೋಡು ನಮ್ಮಪ್ಪ’ ಎಂದು ಅವಳು ಮೊದಲೆಲ್ಲ ನಗೆಯಾಡುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಹಂಪಿಯ ಒಂದು ಗೆಸ್ಟ್‌ಹೌಸಿನ ಕೌಂಟರಿನಲ್ಲಿ ಒಂಬತ್ತು ವರ್ಷ ಕುಳಿತಿದ್ದಳು. ಪಾಸ್‌ಪೋರ್ಟ್ ಕಳೆದುಕೊಂಡು ಅಳುವವರು, ಬಸ್ಸು ತಪ್ಪಿಸಿಕೊಂಡು ಕೂಗಾಡುವವರು, ಯಾವ ದೇಶದವರಾದರೂ ಸರಿ, ಒಂದು ಲೋಟ ನಿಂಬೆಹಣ್ಣಿನ ಷರಬತ್ತು ಕೊಟ್ಟು ನಾಲ್ಕು ಮಾತಾಡಿದರೆ ತಣ್ಣಗಾಗುತ್ತಿದ್ದರು. ಬೆಳಿಗ್ಗೆ ಮಗಳನ್ನು ಶಾಲೆಗೆ, ಮಗನನ್ನು ಅಂಗನವಾಡಿಗೆ ಬಿಟ್ಟು ಹಂಪಿ ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಅರ್ಧ ಗಂಟೆ ಅವಳದು. ಸಂಜೆ ಬರುವಾಗ ಇನ್ನೊಂದು ಅರ್ಧ ಗಂಟೆ. ಆ ಎರಡು ಅರ್ಧಗಳ ಮೇಲೆಯೇ ಇಡೀ ದಿನ ನಿಂತಿತ್ತು ಎನ್ನುವುದು ಅವು ಹೋಗುವವರೆಗೂ ಯಾರಿಗೂ ತಿಳಿದಿರಲಿಲ್ಲ. ಅವಳಿಗೂ.

ಮಾರ್ಚಿನಲ್ಲಿ ಗೆಸ್ಟ್‌ಹೌಸಿಗೆ ಬೀಗ ಬಿತ್ತು. ಗಂಡ ಮಾರುತೇಶ್ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಜೊತೆಯ ಡ್ರೈವರಿಗೆ ಪಾಸಿಟಿವ್ ಬಂದ ದಿನದಿಂದ, ಮನೆಯಲ್ಲಿ ದಮ್ಮಿರುವ ತಾಯಿಗೆ ಎಲ್ಲಿ ಅಂಟಿಸಿಬಿಡುವೆನೋ ಎಂದು ಹೆದರಿ ಯಾರ್ಡಿನಲ್ಲೇ ಉಳಿದುಬಿಟ್ಟ. ಮನೆಗೆ ಬರುವುದು ಅವನ ಮುಖ ಮಾತ್ರ, ಅದೂ ಮೊಬೈಲಿನಲ್ಲಿ. ಯಶೋಧರಾಗೆ ಉಳಿದದ್ದು ಉಬ್ಬಸದ ಅತ್ತೆ ದುರುಗವ್ವ, ಮೂರನೇ ಕ್ಲಾಸಿನ ಶಿಲ್ಪಶ್ರೀ, ನಾಲ್ಕು ವರ್ಷದ ಹಂಪೇಶಿ, ಮತ್ತು ಗಂಡನೂ ಶಾಲೆಯೂ ಎರಡೂ ಇಳಿದು ಬರಬೇಕಾದ ಒಂದೇ ಮೊಬೈಲು.

ಮಂಗಳವಾರ ಬೆಳಿಗ್ಗೆ ಇವೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆದವು. ಪಾಠ ನಡೆಯುತ್ತಿದ್ದಾಗ ಮಾರುತೇಶನ ಕರೆ ಬಂತು, ಪಾಠ ಕಡಿದುಹೋಯಿತು. ಮತ್ತೆ ಸೇರುವಷ್ಟರಲ್ಲಿ ಟೀಚರು, ‘ಎಲ್ಲಿ ಹೋಗಿದ್ದೆ?’ ಎಂದು ಎಲ್ಲರೆದುರು ಕೇಳಿದ್ದಕ್ಕೆ ಶಿಲ್ಪಶ್ರೀಗೆ ಅಳು ಬಂತು. ಅದೇ ಹೊತ್ತಿಗೆ ಹಂಪೇಶಿ ಜೋಳದ ಹಿಟ್ಟಿನ ಡಬ್ಬಿ ಬೋರಲು ಹಾಕಿ ಅದರ ನಡುವೆ ದೇವರ ಹಾಗೆ ಕುಳಿತಿದ್ದ. ಒಲೆಯ ಮೇಲೆ ಎಸರು ಉಕ್ಕುತ್ತಿತ್ತು. ಶಿಲ್ಪಶ್ರೀ ಓಡಿ ಬಂದು ತಾಯಿಯ ಸೆರಗು ಜಗ್ಗಿ, ‘ನಿನ್ನಿಂದಾನ ಎಲ್ಲಾ’ ಎಂದಳು. ಯಶೋಧರಾ ಹೊಡೆದಳು. ಕೆನ್ನೆಯ ಮೇಲೆ ಐದೂ ಬೆರಳು ಮೂಡಿದವು.

ಆಮೇಲೆ ಬಚ್ಚಲಿಗೆ ಹೋಗಿ ಕದ ಹಾಕಿಕೊಂಡು ನಳ ತಿರುಗಿಸಿದಳು. ಅದು ನೀರು ಬಿಡುವ ದಿನವಲ್ಲ. ಅಳುವಿಗೆ ಮರೆ ಸಿಗಲಿಲ್ಲ.

ಸಂಜೆ ಪಡಸಾಲೆಗೆ ಬಂದು ನಿಂತು ಹೇಳಿದಳು: “ಶನಿವಾರ ನಮ್ಮಣ್ಣ ಬರ್ತಾನ. ಇಬ್ಬರನ್ನೂ ಬುಕ್ಕಸಾಗರಕ್ಕ ಕಳಸ್ತೀನಿ. ಸಾಲಿ ಚಾಲೂ ಆಗೋತನ ಅಲ್ಲೇ ಇರ್ಲಿ. ನನ್ನ ಕೈ ಕಂಡ್ರ ನನಗ ಹೆದರಿಕಿ ಆಗಾಕತ್ತೈತಿ.”

ಶಿಲ್ಪಶ್ರೀ ಶಾಲೆಯ ಬ್ಯಾಗಿನಿಂದ ಪುಸ್ತಕ ತೆಗೆದು, ಎರಡು ಫ್ರಾಕು, ಒಂದು ಬಣ್ಣದ ಪೆನ್ಸಿಲ್ ಡಬ್ಬಿ ತುಂಬಿಕೊಂಡು ಗೋಡೆಗೆ ಒರಗಿಸಿಟ್ಟಳು. ಹುಲುಗೇಶ್ ಕೇಳಿದ್ದಕ್ಕೆ ಪಿಸುಗುಟ್ಟಿದಳು: “ನಾ ಛಲೋ ಹುಡುಗಿ ಅಲ್ಲ ಕಾಕಾ. ಅದಕ್ಕ ಕಳಸಾಕತ್ತಾರ.”

ಆ ಮಾತು ಕೇಳಿದ ಅವನು ಮಾಡಿದ್ದೇನು? ‘ತಾಯಂದಿರೇ, ನಗುನಗುತ್ತಾ ಇರಿ’ ಎಂಬ ಒಂದು ವಿಡಿಯೋ ಹುಡುಕಿ, ಪಡಸಾಲೆಯಿಂದ ಹತ್ತು ಹೆಜ್ಜೆ ದೂರದ ಅಡುಗೆಮನೆಗೆ ವಾಟ್ಸಾಪಿನಲ್ಲಿ ಕಳಿಸಿದ. ಅತ್ತಿಗೆ ಹಿಟ್ಟಿನ ಕೈಯಲ್ಲೇ ತೆರೆದು ನೋಡಿ ಒಂದು ಹೆಬ್ಬೆರಳು ಹಾಕಿದಳು. ಹುರುಪು ಬಂದು ಇನ್ನೂ ಮೂರು ಕಳಿಸಿದ. ಅವಕ್ಕೆ ಹೆಬ್ಬೆರಳೂ ಬರಲಿಲ್ಲ. ಆಗಲೇ ಅವನಿಗೆ ಪಟ್ಟಿಯ ಯೋಚನೆ ಹೊಳೆದದ್ದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ಇವನು ಬದನೆಕಾಯಿಯನ್ನೂ ಕುಳಿತಲ್ಲಿಗೇ ತರಿಸಿಕೊಂಡು ತಿನ್ನುವವನು.

ಹೀಗೆ ಗುರುವಾರ ಪಟ್ಟಿ ಬಾಗಿಲಿಗೆ ಬಂತು.

ಜಮಖಾನದ ಮೇಲೆ ಕುಳಿತಿದ್ದ ದುರುಗವ್ವ ಕಣ್ಣು ಕಿರಿದು ಮಾಡಿ ನೋಡಿದಳು. “ಅದೇನ್ಲೇ ಬಾಗಲಕ್ಕ ಅಂಟಿಸಿದ್ದು? ನಿಂದೇನರ ಲಗ್ನಪತ್ರ ಏನು?”

“ಮನಿ ಕೆಲಸದ ಪಟ್ಟಿಯವ್ವ. ಹಿಂಗ ನಡೆದ್ರ ಅತ್ತಿಗಿಗೆ ತ್ರಾಸಾಗಂಗಿಲ್ಲ.”

“ಓದ ತಂಗಿ, ಕೇಳೋಣು” ಎಂದಳು ಮೊಮ್ಮಗಳಿಗೆ.

ಶಿಲ್ಪಶ್ರೀ ಬ್ಯಾಗು ಬಿಟ್ಟು ಎದ್ದು ಬಂದು, ಶಾಲೆಯಲ್ಲಿ ಓದುವ ಹಾಗೆ ನೆಟ್ಟಗೆ ನಿಂತು ಓದಿದಳು. “ಎ ಶಿಫ್ಟ್, ಯಶೋಧರಾ. ಬಿ ಶಿಫ್ಟ್, ಯಶೋಧರಾ. ಸಿ ಶಿಫ್ಟ್, ಯಶೋಧರಾ. ಸೂಪರ್‌ವೈಸರ್, ಶ್ರೀ ಹುಲುಗೇಶ್, ಡಿಪ್ಲೊಮಾ.”

“ಹಗಲೂ ನಿಮ್ಮವ್ವ, ರಾತ್ರೀನೂ ನಿಮ್ಮವ್ವ. ಉಳಿದೋರು ಎಲ್ಲಿ ಸತ್ತಾರ?”

“ಕಾಕಾ ಸೂಪರ್‌ವೈಸರ್ ಅಂತಜ್ಜಿ.”

“ಅಂದ್ರ?”

“ಕುಂತು ನೋಡಾವ.”

“ಅದನ್ನ ಪಟ್ಟಿ ಇಲ್ಲದಾನೂ ಮಾಡಾಕತ್ತಾನಲ್ಲ.” ದುರುಗವ್ವ ಕೆಮ್ಮಿ, ಉಸಿರು ಹಿಡಿದು, ಮಗನ ಕಡೆ ತಿರುಗಿದಳು. “ಲೇ ಹುಲುಗ್ಯಾ, ನಿಮ್ಮ ಫ್ಯಾಕ್ಟ್ರ್ಯಾಗ ಒಬ್ಬನ್ನ ಹಿಂಗ ಮೂರೂ ಪಾಳಿ ದುಡಿಸ್ತಾರೇನು?”

“ಏ, ಇಲ್ಲವ್ವ. ಎಂಟು ತಾಸಿಗೆ ರಿಲೀವರ್ ಬರಬೇಕು. ನಮ್ಮ ಜಾಗಾಕ್ಕ ಮುಂದಿನಾವ ಬಂದು ನಿಂತ ಮ್ಯಾಲೇ ನಾವು ಏಳೋದು. ಅವ ಬರಲಿಲ್ಲಂದ್ರ ಇನ್ನೊಂದು ಶಿಫ್ಟ್ ಮಾಡಬಹುದು. ಮೂರನೇದಕ್ಕ ಮಷೀನ್ ಹತ್ರಾನೂ ಬಿಡಂಗಿಲ್ಲ.”

“ಯಾಕ?”

“ಎಂಥಾ ಛಲೋ ಆಪರೇಟರ್ ಇದ್ರೂ ಕೈ ತಪ್ತೈತಿ...” ಎಂದವನು ಅಲ್ಲಿಗೇ ನಿಂತ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೂ ನಿಂತಿತು. ಹುಲುಗೇಶ್ ತಾನೇ ಎಳೆದ ಗೆರೆಗಳನ್ನು ನೋಡಿದ. ಎಂಟು ತಾಸಾದ ಮೇಲೆ ಐದು ನಿಮಿಷ ತಡವಾದರೆ ರಿಲೀವರಿಗೆ ಫೋನು ಮಾಡಿ ಬೈಯುವವನು ತಾನು. ಮಾರ್ಚಿನಿಂದ ಒಬ್ಬಳು ಪಾಳಿ ಬಿಟ್ಟು ಇಳಿದೇ ಇಲ್ಲ. ಅವಳಿಗೆ ತಾನು ಕಳಿಸಿದ್ದು ನಗುನಗುತ್ತಾ ಇರಿ ಎಂಬ ವಿಡಿಯೋ.

ಯಶೋಧರಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. “ಅವನ್ನ ಯಾಕ ಬೈತೀರಿ ಅತ್ತಿ. ನೀವು ನಾಟಿಗೆ ಹೋಗಿ ದುಡದು, ನಾಲ್ಕು ಮಕ್ಕಳನ್ನ ಸಾಕೀರಿ. ನನ್ನ ಕೈಲೆ ಎರಡು ಆಗವಲ್ವು.”

“ಯಾರ ಹೇಳಿದ್ರು ನಿನಗ, ನಾನು ಸಾಕೀನಿ ಅಂತ?”

ಯಶೋಧರಾ ಅತ್ತೆಯ ಮುಖ ನೋಡಿದಳು.

“ಕಂಪ್ಲಿ ಕಡೆ ನಾಟಿಗೆ ಹೋಗ್ತಿದ್ವಿ, ಹನ್ನೆರಡು ಮಂದಿ. ಹನ್ನೊಂದು ಮಂದಿ ಕೆಸರಾಗ ಇಳೀತಿದ್ರು. ಒಬ್ಬಾಕಿ ಒಡ್ಡಿನ ಮ್ಯಾಲ, ಎಲ್ಲಾರ ಹುಡುಗ್ರನ್ನೂ ನೋಡಿಕೋತ. ದಿನಾ ಒಬ್ಬಾಕಿ ಪಾಳಿ. ಆಕಿಗೂ ನಮ್ಮಷ್ಟ ಕೂಲಿ, ಒಂದು ಪೈಸೆ ಕಮ್ಮಿ ಇಲ್ಲ. ಗೌಡ ಒಮ್ಮೆ, ಒಡ್ಡಿನ ಮ್ಯಾಲ ಕುಂತಾಕಿಗೆ ಯಾಕ ಕೊಡಬೇಕು ಅಂದ. ನಮ್ಮ ಹೊಳೆಮ್ಮ, ಹಂಗಾರ ನೀನ ಕುಂದ್ರು ಬಾರಪ್ಪ ಗೌಡ, ಅಂದ್ಳು. ಕುಂತ ಅಂವ. ಮಧ್ಯಾಹ್ನದ ಬುತ್ತಿ ಬಿಚ್ಚೂದ್ರಾಗ ಎದ್ದು ಹೋದ. ಮತ್ತ ಕೇಳಲಿಲ್ಲ.”

ಹಂಪೇಶಿ ನಕ್ಕ. ಏನು ಅರ್ಥವಾಯಿತೋ, ಗೌಡ ಎದ್ದು ಹೋದದ್ದಂತೂ ಅವನಿಗೆ ಹಿಡಿಸಿತು.

“ಮಾರುತೇಶನ್ನ, ಈ ಹುಲುಗ್ಯಾನ್ನ ನಾನೊಬ್ಬಾಕಿ ಸಾಕಿಲ್ಲವ್ವ. ಹನ್ನೆರಡು ಮಂದಿ ಸಾಕ್ಯಾರ. ಹಂಗಿದ್ದೂ ನಾನೂ ಹೊಡದೀನಿ. ಇವಗ ಒಮ್ಮೆ ಒಲಿ ಕಟ್ಟಿಗಿಲೆ ಕೊಟ್ಟಿದ್ದೆ, ಬೆನ್ನು ಬಾತಿತ್ತು. ಅವತ್ತು ರಾತ್ರಿ ನಾ ಉಣ್ಣಲಿಲ್ಲ. ಹೊಳೆಮ್ಮ ಬಂದು, ನಾಳಿ ನೀ ನಾಟಿಗೂ ಬರಬ್ಯಾಡ, ಒಡ್ಡಿಗೂ ಬರಬ್ಯಾಡ, ಸುಮ್ನ ಮಲಕ್ಕೋ ಅಂತಂದು ಹುಡುಗ್ರನ್ನ ಕರಕೊಂಡು ಹೋದ್ಳು. ಬುದ್ಧಿ ಹೇಳಲಿಲ್ಲ. ಹುಡುಗ್ರನ್ನ ಕರಕೊಂಡು ಹೋದ್ಳು.”

ಯಶೋಧರಾ ಹೊಸ್ತಿಲ ಮೇಲೆ ಕುಳಿತಳು. ಬೆನ್ನು ಬಾತ ದಿನ ಹುಲುಗೇಶನಿಗೆ ನೆನಪೇ ಇರಲಿಲ್ಲ. ಅವನಿಗೆ ನೆನಪಿದ್ದದ್ದು ಒಡ್ಡಿನ ಮೇಲೆ ಹೊಳೆಮ್ಮ ಹಂಚುತ್ತಿದ್ದ ಬೆಲ್ಲ ಶೇಂಗಾ. ಅವನು ಎದ್ದು ಹೋಗಿ ಪಟ್ಟಿಯ ಬಿ ಶಿಫ್ಟಿನ ಮೇಲೆ ಗೆರೆ ಹೊಡೆದು ತನ್ನ ಹೆಸರು ಬರೆದ.

“ಅತ್ತಿಗಿ, ನಾಳೆ ಮಧ್ಯಾಹ್ನ ಎರಡರಿಂದ ಐದು, ನಿಮ್ಮ ರಿಲೀವರ್ ನಾನು.”

“ನಿನ್ನ ಕೈಲೆ ಆಗತೈತೇನಪ್ಪ?”

“ಡಿಪ್ಲೊಮಾ ಆಗೇತ್ರಿ.”

ನಾಲ್ಕು ತಿಂಗಳಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಶುಕ್ರವಾರ ಎರಡು ಗಂಟೆಗೆ ಹುಲುಗೇಶ್ ಕಾರ್ಖಾನೆಯ ಕ್ರಮದಂತೆಯೇ ಪಾಳಿ ವಹಿಸಿಕೊಂಡ. ಅಲ್ಲಿ ಹೋಗುವವನು ಬರುವವನಿಗೆ ಯಾವುದು ಓಡುತ್ತಿದೆ, ಯಾವುದು ಟ್ರಿಪ್ ಆಗಿ ನಿಂತಿದೆ ಎಂದು ಹೇಳಿಯೇ ಹೋಗಬೇಕು. ಯಶೋಧರಾ ಹೇಳಿದಳು: “ಸಣ್ಣಾವ ಹಸಿವು ಅಂದ್ರ ಹಸಿವಲ್ಲ, ಬ್ಯಾಸರಾಗೇತಿ ಅಂತ. ದೊಡ್ಡಾಕಿ ಬ್ಯಾಸರಾಗೇತಿ ಅಂದ್ರ ಹಸಿವಾಗೇತಿ ಅಂತ. ಇಬ್ಬರೂ ಸುಮ್ನದಾರಂದ್ರ ಓಡು.” ಇಂಥದ್ದನ್ನು ಯಾವ ವಿಡಿಯೋದಲ್ಲೂ ಯಾರೂ ಹೇಳಿರಲಿಲ್ಲ. ಕೆಲಸ ಬಲ್ಲವರ ಮಾತು ಹೀಗೇ ಇರುತ್ತದೆ ಎಂದು ಅವನಿಗೆ ಗೊತ್ತಾಯಿತು. ಕೈಲಾಗದವಳು ಎಂದು ತನ್ನನ್ನೇ ಹಳಿದುಕೊಳ್ಳುತ್ತಿದ್ದವಳು ಈ ಮನೆಯ ಎಲ್ಲಕ್ಕಿಂತ ಅನುಭವಿ ಆಪರೇಟರ್.

ಹೊರಟವಳು ಹೊರಡಲೇ ಇಲ್ಲ. ಹತ್ತು ನಿಮಿಷ ಬಾಗಿಲಾಚೆ ನಿಂತು ಕಿವಿಗೊಟ್ಟಳು. ಆಮೇಲೆ ಮಾಸ್ಕು ಕಟ್ಟಿಕೊಂಡು ಕಾಲುವೆಯ ದಂಡೆಗುಂಟ ನಡೆದಳು. ಯಾರೂ ಸೆರಗು ಜಗ್ಗದ ನಡಿಗೆ ಮೊದಮೊದಲು ಏನೋ ಮರೆತು ಬಂದ ಹಾಗೆ ಇತ್ತಂತೆ.

ಒಳಗೆ ಹುಲುಗೇಶ್, ಹಂಪೇಶಿಯ ‘ಯಾಕ?’ ಎಂಬ ಪ್ರಶ್ನೆಗೆ ಹದಿನೇಳು ಸಲ ಉತ್ತರಿಸಿದ ಮೇಲೆ ಗಡಿಯಾರ ನೋಡಿದ. ಎರಡೂ ಇಪ್ಪತ್ತು.

ಶನಿವಾರ ಒಂಬತ್ತಕ್ಕೆ ಯಶೋಧರಾಳ ಅಣ್ಣ ಜಂಬಪ್ಪ ಬೈಕಿನ ಮೇಲೆ ಬಂದ. ಶಿಲ್ಪಶ್ರೀ ಆಗಲೇ ಬ್ಯಾಗು ಬೆನ್ನಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಅಳು ಇರಲಿಲ್ಲ. ಹುಲುಗೇಶನಿಗೆ ಅದೇ ಸಹಿಸಲಾಗಲಿಲ್ಲ. ಮಕ್ಕಳನ್ನು ಕಳಿಸುವ ಮಾತು ಏನಾಯಿತೆಂದು ಅತ್ತಿಗೆ ಇನ್ನೂ ಹೇಳಿರಲಿಲ್ಲ.

“ಹತ್ತ್ರಲೇ ಹುಡುಗ್ರಾ, ಬಿಸಲೇರೂದ್ರಾಗ ಹೋಗಾಣ” ಎಂದ ಜಂಬಪ್ಪ.

ಒಳಗಿನಿಂದ ಯಶೋಧರಾ ಬಂದಳು. ಹಂಪಿಗೆ ಹೋಗುವಾಗ ಉಡುತ್ತಿದ್ದ ನೀಲಿ ಸೀರೆ. ಮಗಳ ಎದುರು ಕುಕ್ಕರುಗಾಲಿನಲ್ಲಿ ಕುಳಿತು, ಬ್ಯಾಗಿನ ಪಟ್ಟಿಯನ್ನು ಭುಜದಿಂದ ಇಳಿಸಿದಳು.

“ಅವತ್ತು ನಾ ಹೊಡದದ್ದು ನಿನ್ನ ತಪ್ಪಿಗಲ್ಲ. ನಾ ಸೋತಿದ್ದೆ. ಸೋತಾಗ ಯಾರನ್ನರ ಕೂಗಬೇಕಿತ್ತು, ಕೂಗಲಿಲ್ಲ. ಅದು ನನ್ನ ತಪ್ಪು.” ಕೆನ್ನೆ ಸವರಿದಳು. “ನೀವು ಎಲ್ಲಿಗೂ ಹೋಗಂಗಿಲ್ಲ. ನಾ ಬುಕ್ಕಸಾಗರಕ್ಕ ಹೋಗಿ ಬರ್ತೀನಿ.”

“ಯಾವಾಗ ಬರ್ತಿ?”

“ಸಂಜಿ ಐದಕ್ಕ. ನಿಮ್ಮ ಕಾಕಾನ ಶಿಫ್ಟು ಮುಗಿಯೂದ್ರಾಗ.”

ಜಂಬಪ್ಪ ಬಾಯಿ ತೆರೆದ. ದುರುಗವ್ವ ಒಳಗಿನಿಂದಲೇ, “ಕರಕೊಂಡು ಹೋಗಪ್ಪ, ಆಕಿ ಒಬ್ಬಾಕಿನ ಒಡ್ಡಿನ ಮ್ಯಾಲ ಕುಂತು ನಾಲ್ಕು ತಿಂಗಳಾತು” ಎಂದಳು. ಅವನಿಗೆ ತಿಳಿಯಲಿಲ್ಲ, ಆದರೂ ಬೈಕು ಒದ್ದ.

ಆ ದಿನದ ಬಗ್ಗೆ ಹುಲುಗೇಶ್ ಹೆಚ್ಚು ಹೇಳುವುದಿಲ್ಲ. ಅನ್ನ ಮುದ್ದೆಯಾಯಿತು, ಸಾರಿಗೆ ಉಪ್ಪು ಎರಡು ಸಲ ಬಿತ್ತು. ಹಂಪೇಶಿ ಸುಮ್ಮನಿದ್ದಾನಲ್ಲ ಎಂದು ಸಂತೋಷಪಟ್ಟ ಐದು ನಿಮಿಷಕ್ಕೆ, ಓಡು ಎಂದು ಅತ್ತಿಗೆ ಯಾಕೆ ಹೇಳಿದ್ದಳೆಂದು ಗೊತ್ತಾಯಿತು: ಟೂತ್‌ಪೇಸ್ಟು ಪೂರ್ತಿ ಅಜ್ಜಿಯ ಚಪ್ಪಲಿಯಲ್ಲಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವತ್ತು ಯಾರೂ ಕೂರಲಿಲ್ಲ.

ಐದಕ್ಕೆ ಹದಿನೈದು ನಿಮಿಷ ಇರುವಾಗಲೇ ಬೈಕಿನ ಸದ್ದು ಬಂತು. ಒಳ್ಳೆಯ ರಿಲೀವರು ಅಷ್ಟು ಮುಂಚೆಯೇ ಬರುತ್ತಾನೆ. ಯಶೋಧರಾಳ ಮುಖದಲ್ಲಿ ಬಿಸಿಲಿತ್ತು, ಸೀರೆಯ ಅಂಚಿಗೆ ಗದ್ದೆಯ ಕೆಸರಿತ್ತು. ಹೊಸ್ತಿಲಲ್ಲಿ ನಿಂತು ಕೇಳಿದಳು:

“ಏನೇನು ಓಡಾಕತ್ತೈತಿ, ಏನು ಟ್ರಿಪ್ ಆಗೇತಿ?”

“ಎಲ್ಲಾ ಓಡಾಕತ್ತೈತ್ರಿ ಅತ್ತಿಗಿ” ಎಂದ ನೆಲದ ಮೇಲೆ ಅಂಗಾತ ಮಲಗಿದ್ದ ಹುಲುಗೇಶ್. “ಆಪರೇಟರ್ ಒಬ್ಬಾವ ಟ್ರಿಪ್ ಆಗ್ಯಾನ.”

ಅವನ ಪಕ್ಕದಲ್ಲಿ ಶಿಲ್ಪಶ್ರೀ ಬಣ್ಣದ ಪೆನ್ಸಿಲುಗಳನ್ನು ಹರಡಿಕೊಂಡು ಪಟ್ಟಿಯನ್ನು ಹೊಸದಾಗಿ ಬರೆಯುತ್ತಿದ್ದಳು. ಫ್ರಾಕುಗಳು ಮೊಳೆಗೆ ಮರಳಿದ್ದವು. ಖಾಲಿ ಬ್ಯಾಗಿನೊಳಗೆ ಹಂಪೇಶಿ ಎರಡೂ ಕಾಲು ತೂರಿಸಿಕೊಂಡು ನಿದ್ದೆ ಹೋಗಿದ್ದ.